ಹೆಸರೊಂದೇ, ಕೃತಿ ಬೇರೆ

ಕೇಳುಗರಿಗೆ ನಮಸ್ಕಾರ.

ಅಚ್ಚಿನಲ್ಲಿ ಕೃತಿಯ ಹೆಸರು ಬಂದಾಗ ಅದರ ಎರಡೂ ಬದಿಗೆ ಉದ್ಧರಣ ಚಿಹ್ನೆ ಇರುತ್ತದೆ. ಬಾನುಲಿಯಲ್ಲಿ ಆ ಅನುಕೂಲವಿಲ್ಲ. ‘ನಾಗರಹಾವು’ ಎಂದು ನಾನು ಹೇಳಿದರೆ ನಿಮ್ಮ ಕಿವಿಗೆ ಬೀಳುವುದು ಐದು ಅಕ್ಷರ ಮಾತ್ರ. ಅದು ತ.ರಾ.ಸು. ಅವರ ಕಾದಂಬರಿಯೇ? ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 1972ರ ಚಿತ್ರವೇ? ಉಪೇಂದ್ರ ನಟಿಸಿದ 2002ರ ಚಿತ್ರವೇ? ಅಥವಾ ವಿಷ್ಣುವರ್ಧನ್ ಅವರ ರೂಪವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ಕೋಡಿ ರಾಮಕೃಷ್ಣ ಮಾಡಿದ 2016ರ ಚಿತ್ರವೇ?

ಈ ನಾಲ್ಕರಲ್ಲಿ ಮೊದಲಿನ ಎರಡಕ್ಕೆ ಮಾತ್ರ ನಂಟು. ಅದೂ ಪೂರ್ತಿ ನಂಟಲ್ಲ. 1972ರ ಚಿತ್ರ ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಹುಟ್ಟಿದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಚಿತ್ರ ನೋಡಿ ಮೂಲ ಓದಬೇಕೆಂದು ಹೊರಟವರು ಅದೇ ಹೆಸರಿನ ಪುಸ್ತಕವೊಂದನ್ನೇ ತಂದರೆ ಕಥೆ ನಡುವೆಯೇ ನಿಂತುಹೋಗುತ್ತದೆ. ಇನ್ನು 2002ರ ಚಿತ್ರದ ಮೂಲ ಹಿಂದಿಯ ‘ಬಾಜಿಗರ್’. ತ.ರಾ.ಸು. ಅವರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹೆಸರು ಒಂದೇ ಎಂದು ಕಂಡೊಡನೆ ‘ಅದನ್ನೇ ಆಧರಿಸಿರಬೇಕು’ ಎಂದು ಬರೆದುಬಿಡುವುದು ಕೃತಿಗಳ ಸೂಚಿ ಮಾಡುವ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ‘ಪರ್ವ’ವನ್ನು ನೋಡಿ. ಎಸ್.ಎಲ್. ಭೈರಪ್ಪನವರ ಕಾದಂಬರಿ ಪ್ರಕಟವಾದದ್ದು 1979ರಲ್ಲಿ. ಮೈಸೂರಿನ ರಂಗಾಯಣ 2021ರಲ್ಲಿ ಅದನ್ನು ಸುಮಾರು ಎಂಟು ಗಂಟೆಯ ನಾಟಕವಾಗಿ ರಂಗಕ್ಕೆ ತಂದಿತು. ಇವೆರಡರ ನಡುವೆ 2002ರಲ್ಲಿ ಸುನಿಲ್ ಕುಮಾರ್ ದೇಸಾಯಿ ನಿರ್ದೇಶನದ ‘ಪರ್ವ’ ಎಂಬ ಚಿತ್ರ ಬಂತು. ವರ್ಷದ ಕ್ರಮದಲ್ಲಿ ಜೋಡಿಸಿದರೆ ಕಾದಂಬರಿ, ಸಿನಿಮಾ, ನಾಟಕ ಎಂದು ಒಂದೇ ವಂಶದ ಮೂರು ತಲೆಮಾರಿನಂತೆ ಕಾಣುತ್ತದೆ. ಆದರೆ ನಡುವಿನದು ಆ ಮನೆತನದ್ದೇ ಅಲ್ಲ.

ಇನ್ನೊಂದು ಬಗೆಯ ನಂಟಿದೆ. ಅದು ತಂದೆ ಮಗನ ನಂಟಲ್ಲ, ದಾಯಾದಿಗಳ ನಂಟು. ವಿ.ಎಸ್. ಖಾಂಡೇಕರರ ಮರಾಠಿ ಕಾದಂಬರಿ ‘ಯಯಾತಿ’ 1959ರದ್ದು. ಗಿರೀಶ ಕಾರ್ನಾಡರ ಕನ್ನಡ ನಾಟಕ ‘ಯಯಾತಿ’ 1961ರದ್ದು. ಎರಡೇ ವರ್ಷದ ಅಂತರ, ಒಂದೇ ಹೆಸರು, ಒಂದೇ ದೊರೆ. ಹಾಗೆಂದು ನಾಟಕವನ್ನು ಕಾದಂಬರಿಯ ರೂಪಾಂತರ ಎನ್ನುವಂತಿಲ್ಲ. ಎರಡೂ ಮಹಾಭಾರತದಿಂದ ನೇರವಾಗಿ ಎತ್ತಿಕೊಂಡವು. ಪತ್ತೆ ಹಚ್ಚಲು ಒಂದು ಸುಲಭದ ದಾರಿ ಇದೆ: ಮೂಲದಲ್ಲಿ ಇಲ್ಲದ ಪಾತ್ರವನ್ನು ಹುಡುಕಬೇಕು. ಕಾರ್ನಾಡರ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆ ನಾಟಕಕಾರರ ಸೃಷ್ಟಿ. ಇಂಥ ಸ್ವಂತ ಸೇರ್ಪಡೆಯೊಂದು ಮುಂದೆ ಇನ್ನೊಂದು ಕೃತಿಯಲ್ಲೂ ಕಂಡರೆ ಆ ಕೃತಿ ಈ ನಾಟಕದಿಂದ ಪಡೆದಿದೆ ಎನ್ನಲು ಆಧಾರ ಸಿಗುತ್ತದೆ. ಮೂಲ ಪುರಾಣದಲ್ಲೇ ಇರುವ ಅಂಶಗಳು ಹೊಂದಿಕೆಯಾದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಈಗ ಅನುವಾದದ ಮಾತು. ಸ್ವಲ್ಪ ನಿಧಾನಿಸಿ ನೋಡಬೇಕಾದ ವಿಷಯವಿದು. ಕೆಲವು ಹೆಸರುಗಳು ಮೂಲದಲ್ಲಿ ಬೇರೆಬೇರೆ ಇದ್ದು, ನಮ್ಮ ಭಾಷೆಗೆ ಬಂದಾಗ ಒಂದಾಗುತ್ತವೆ. ‘ಚುಂಬನ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಇಟಲಿಯ ಹಯೇಜ್ 1859ರಲ್ಲಿ ಬರೆದ ವರ್ಣಚಿತ್ರದ ಹೆಸರು ‘ಇಲ್ ಬಾಚೊ’. ಸ್ಮೆತನಾನ 1876ರ ಚೆಕ್ ಅಪೆರಾ ‘ಹುಬಿಚ್ಕಾ’. ಚೆಕಾಫನ 1887ರ ರಷ್ಯನ್ ಸಣ್ಣಕಥೆ ‘ಪತ್ಸೆಲುಯ್’. ರೊದಾನ ಶಿಲ್ಪ ಫ್ರೆಂಚಿನಲ್ಲಿ ‘ಲ ಬೆಜೆ’. ಕ್ಲಿಮ್ಟ್ 1907–08ರಲ್ಲಿ ಬರೆದ ಚಿತ್ರ ಜರ್ಮನ್ನಿನಲ್ಲಿ ‘ದೆರ್ ಕುಸ್’. ಎಡಿಸನ್ ಕಂಪನಿ 1896ರಲ್ಲಿ ತೆಗೆದ, ಅರ್ಧ ನಿಮಿಷವೂ ಇಲ್ಲದ ಚಲನಚಿತ್ರ ಇಂಗ್ಲಿಷಿನಲ್ಲಿ ‘ದ ಕಿಸ್’. ಆರು ಕೃತಿ, ಆರು ಭಾಷೆ, ಆರು ಹೆಸರು. ಕನ್ನಡದ ಸೂಚಿಯಲ್ಲಿ ಆರೂ ‘ಚುಂಬನ’.

ಇಷ್ಟಾದರೂ ಮುಗಿಯಲಿಲ್ಲ. ರೊದಾ ತನ್ನ ಶಿಲ್ಪವನ್ನು ಮೊದಲು ಕಲ್ಪಿಸಿದ್ದು ಡಾಂಟೆಯ ಕಾವ್ಯದ ಪ್ರೇಮಿಗಳಾದ ಪಾವೊಲೊ ಮತ್ತು ಫ್ರಾಂಚೆಸ್ಕಾ ಎಂದು. ‘ಚುಂಬನ’ ಎಂಬ ಹೆಸರು ನೋಡಿದವರ ಬಾಯಿಂದ ಬಂದು ಆಮೇಲೆ ನಿಂತದ್ದು. ಕ್ಲಿಮ್ಟನ ಚಿತ್ರ 1908ರಲ್ಲಿ ಮೊದಲು ಪ್ರದರ್ಶನಗೊಂಡಾಗ ಅದರ ಹೆಸರು ‘ಪ್ರೇಮಿಗಳು’ ಎಂಬರ್ಥದ್ದಾಗಿತ್ತು. ಹೀಗಾಗಿ ಆ ಕಾಲದ ಪ್ರದರ್ಶನದ ಪಟ್ಟಿಯಲ್ಲಿ ‘ಚುಂಬನ’ವನ್ನು ಹುಡುಕಿದವರಿಗೆ ಅದು ಸಿಗುವುದಿಲ್ಲ. ಕಲಾಕೃತಿಗಳ ವಿಷಯದಲ್ಲಿ ಹೆಸರು ಕಲಾವಿದನದೇ ಎಂದು ಎಂದೂ ಊಹಿಸಬಾರದು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ದೊಡ್ಡ ಗುಂಪುಚಿತ್ರಕ್ಕೆ ‘ರಾತ್ರಿ ಪಹರೆ’ ಎಂಬ ಹೆಸರು ಅಂಟಿಕೊಂಡದ್ದು ಬಹಳ ಕಾಲದ ಮೇಲೆ. ವಾರ್ನಿಶ್ ಮತ್ತು ಕೊಳೆಯಿಂದ ಚಿತ್ರ ಕಪ್ಪಾಗಿ ರಾತ್ರಿಯಂತೆ ಕಂಡದ್ದೇ ಅದಕ್ಕೆ ಕಾರಣ. ಚಿತ್ರಿಸಿದ್ದು ಹಗಲನ್ನು.

ತದ್ವಿರುದ್ಧ ತೊಂದರೆಯೂ ಇದೆ. ಕನ್ನಡ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಾಗ ಇಲ್ಲದ ಸಾಮ್ಯ ಹುಟ್ಟುತ್ತದೆ. ಬರ, ಬಾರ, ಭರ, ಭಾರ: ನಾಲ್ಕು ಬೇರೆ ಪದಗಳು. ಹ್ರಸ್ವ ದೀರ್ಘ, ಅಲ್ಪಪ್ರಾಣ ಮಹಾಪ್ರಾಣ ನೋಡದೆ ಬರೆದರೆ ನಾಲ್ಕೂ ಒಂದೇ ಕಾಗುಣಿತವಾಗುತ್ತವೆ. ಕಲ, ಕಾಲ, ಕಳ, ಕಾಳ ಇವುಗಳ ಗತಿಯೂ ಅದೇ. ಆದ್ದರಿಂದ ಸೂಚಿ ಮಾಡುವವರು ಮೂಲ ಲಿಪಿಯ ಹೆಸರನ್ನು ಮೊದಲು ಬರೆಯಬೇಕು. ಲಿಪ್ಯಂತರವೂ ಅನುವಾದವೂ ಅದರ ಕೆಳಗೆ, ಬೇರೆ ಬೇರೆ ಸಾಲಿನಲ್ಲಿ ಬರಲಿ.

ಹಾಗಾದರೆ ಒಂದು ಕೃತಿಯ ಗುರುತಿಗೆ ಏನೇನು ಬೇಕು? ಮೂಲ ಲಿಪಿಯ ಹೆಸರು, ಮಾಧ್ಯಮ, ಕರ್ತೃ, ವರ್ಷ, ಮತ್ತು ಅದೇ ಹೆಸರಿನ ಬೇರೆ ಕೃತಿಗಳೊಂದಿಗೆ ಅದರ ಸಂಬಂಧ. ಮಾಧ್ಯಮದಲ್ಲಿ ಗೊಂದಲ ಕಡಿಮೆ. ಕರ್ತೃ ಯಾರು ಎಂಬುದು ಮಾಧ್ಯಮಕ್ಕೆ ತಕ್ಕಂತೆ ಬದಲಾಗುತ್ತದೆ: ಕಾದಂಬರಿಗೆ ಲೇಖಕ, ಚಲನಚಿತ್ರಕ್ಕೆ ನಿರ್ದೇಶಕ, ಸಂಗೀತಕ್ಕೆ ರಚನಕಾರ, ಧ್ವನಿಮುದ್ರಣವಾದರೆ ಹಾಡಿದವರೂ ಸೇರಬೇಕು.

ಹೆಚ್ಚು ಎಡವುವುದು ವರ್ಷದಲ್ಲಿ. ಪುಸ್ತಕಕ್ಕೆ ಮೊದಲ ಮುದ್ರಣದ ವರ್ಷ ಬೇಕು. ಕೈಯಲ್ಲಿರುವ ಪ್ರತಿಯ ಮೇಲೆ ಇರುವುದು ಹಲವು ಸಲ ಮರುಮುದ್ರಣದ ವರ್ಷ. ಹಾಗೇ ಬರೆದುಕೊಂಡರೆ ಮೂಲ ಕಾದಂಬರಿ ಅದರಿಂದ ಹುಟ್ಟಿದ ಸಿನಿಮಾಕ್ಕಿಂತ ಕಿರಿಯದಾಗಿ ಕಾಣುತ್ತದೆ. ಸಿನಿಮಾಕ್ಕೆ ಉತ್ಸವದಲ್ಲಿ ತೋರಿಸಿದ ವರ್ಷ ಬೇರೆ, ಚಿತ್ರಮಂದಿರಕ್ಕೆ ಬಂದ ವರ್ಷ ಬೇರೆ. ಪಾಲ್ ಹ್ಯಾಗಿಸ್ ನಿರ್ದೇಶನದ ‘ಕ್ರ್ಯಾಶ್’ 2004ರಲ್ಲಿ ಟೊರಾಂಟೊ ಉತ್ಸವದಲ್ಲಿ ತೆರೆಕಂಡು, 2005ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಒಂದು ಪಟ್ಟಿಯಲ್ಲಿ 2004, ಇನ್ನೊಂದರಲ್ಲಿ 2005 ಎಂದಿದ್ದರೆ ಎರಡು ಚಿತ್ರ ಎಂದು ಭಾವಿಸುವವರಿದ್ದಾರೆ. ಇತ್ತ ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶಿಸಿದ 1996ರ ‘ಕ್ರ್ಯಾಶ್’ ನಿಜಕ್ಕೂ ಬೇರೆ ಚಿತ್ರ. ಜೆ.ಜಿ. ಬಲಾರ್ಡ್ ಅವರ 1973ರ ಕಾದಂಬರಿ ಆಧಾರವಾಗಿದ್ದು ಇದಕ್ಕೆ. ಹ್ಯಾಗಿಸ್ ಅವರ ಚಿತ್ರಕ್ಕಲ್ಲ.

ಸಂಬಂಧದ ಜಾಗದಲ್ಲಿ ನಾಲ್ಕು ಉತ್ತರಗಳಿಗೆ ಅವಕಾಶ ಇಡಬೇಕು: ಇದನ್ನು ಆಧರಿಸಿದ್ದು, ಎರಡಕ್ಕೂ ಮೂಲ ಒಂದೇ, ಸಂಬಂಧವಿಲ್ಲ, ಇನ್ನೂ ಪರಿಶೀಲಿಸಿಲ್ಲ. ನಾಲ್ಕನೆಯದು ಬಹಳ ಮುಖ್ಯ. ಖಾಲಿ ಬಿಟ್ಟ ಜಾಗವನ್ನು ಮುಂದಿನವರು ‘ಸಂಬಂಧವಿಲ್ಲ’ ಎಂದೇ ಓದುತ್ತಾರೆ. ಎರಡು ನಮೂದುಗಳನ್ನು ಒಂದಾಗಿಸುವಾಗಲೂ ಹೆಸರು ಮತ್ತು ವರ್ಷ ಹೊಂದಿದರೆ ಸಾಲದು. ಕರ್ತೃವೂ ಮಾಧ್ಯಮವೂ ಹೊಂದಿದ ಮೇಲೆಯೇ ಸೇರಿಸಬೇಕು. ಒಮ್ಮೆ ಸೇರಿಸಿದ್ದನ್ನು ಬಿಡಿಸುವುದು ಕಷ್ಟ, ಏಕೆಂದರೆ ಅಷ್ಟರಲ್ಲಿ ಒಂದರ ವಿಮರ್ಶೆ, ಒಂದರ ಮುಖಪುಟ, ಒಂದರ ಪ್ರಶಸ್ತಿ ಇನ್ನೊಂದಕ್ಕೆ ಅಂಟಿರುತ್ತವೆ.

ಐಎಸ್‌ಬಿಎನ್ ಎಂಬ, ಪುಸ್ತಕದ ಮೇಲೆ ಅಚ್ಚಾಗುವ ಸಂಖ್ಯೆ ಇದ್ದರೆ ಸಾಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸಾಲದು. 2007ರಿಂದ 13 ಅಂಕಿಗಳಾಗಿರುವ ಆ ಸಂಖ್ಯೆ ಗುರುತಿಸುವುದು ಆವೃತ್ತಿಯನ್ನು. ಒಂದೇ ಕಾದಂಬರಿಯ ಗಟ್ಟಿರಟ್ಟಿನ ಪ್ರತಿಗೆ ಒಂದು ಸಂಖ್ಯೆ, ಸಾದಾ ರಟ್ಟಿನದಕ್ಕೆ ಇನ್ನೊಂದು. ಸಂಗೀತದಲ್ಲಿ ಇದನ್ನು ಎರಡು ಬೇರೆ ಸಂಕೇತಗಳಿಂದ ಚೆನ್ನಾಗಿ ಬಿಡಿಸಿಟ್ಟಿದ್ದಾರೆ: ರಚನೆಗೆ ಐಎಸ್‌ಡಬ್ಲ್ಯುಸಿ, ಅದರ ಪ್ರತಿ ಧ್ವನಿಮುದ್ರಣಕ್ಕೆ 12 ಅಕ್ಷರಾಂಕಗಳ ಐಎಸ್‌ಆರ್‌ಸಿ. ಒಂದು ಹಾಡನ್ನು ಹತ್ತು ಜನ ಹಾಡಿದರೆ ಮೊದಲಿನದು ಒಂದೇ ಉಳಿಯುತ್ತದೆ, ಎರಡನೆಯದು ಹತ್ತಾಗುತ್ತದೆ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ 1998ರಲ್ಲಿ ಪ್ರಕಟಿಸಿದ ಮಾದರಿಯೂ ಇದೇ ದಾರಿಯದು. ಅದರ ಪ್ರಕಾರ ಕಾದಂಬರಿಯ ಅನುವಾದ ಅದೇ ಕೃತಿಯ ಇನ್ನೊಂದು ಅಭಿವ್ಯಕ್ತಿ. ಕಾದಂಬರಿಯಿಂದ ಮಾಡಿದ ಚಲನಚಿತ್ರವಾದರೆ ಹೊಸ ಕೃತಿ. ಈ ಒಂದು ಗೆರೆ ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಹೆಸರೇ ಗುರುತಾಗಲಾರದ ಕೃತಿಗಳೂ ಇವೆ. ‘ಐದನೆಯ ಸಿಂಫನಿ’ ಎಂದರೆ ಯಾರದು? ಬೀಥೋವನ್, ಚೈಕೋವ್‌ಸ್ಕಿ, ಮಾಹ್ಲರ್, ಶೊಸ್ತಕೋವಿಚ್ ಎಲ್ಲರಿಗೂ ಐದನೆಯದೊಂದಿದೆ. ಬೀಥೋವನ್ನನದು ಓಪಸ್ 67 ಎಂಬ ಕೃತಿಸಂಖ್ಯೆಯನ್ನೂ ಸಿ ಮೈನರ್ ಎಂಬ ಸ್ವರಶ್ರೇಣಿಯನ್ನೂ ಸೇರಿಸಿದರೆ ಸಂಶಯ ಉಳಿಯುವುದಿಲ್ಲ. ಆಧುನಿಕ ಚಿತ್ರಕಲೆಯಲ್ಲಿ ‘ಶೀರ್ಷಿಕೆ ಇಲ್ಲ’ ಎಂಬುದೇ ಅಸಂಖ್ಯ ಕೃತಿಗಳ ಶೀರ್ಷಿಕೆ. ಅಲ್ಲಿ ವರ್ಷ, ಬಳಸಿದ ವಸ್ತು, ಸೆಂಟಿಮೀಟರಿನಲ್ಲಿ ಎತ್ತರ ಮತ್ತು ಅಗಲ, ಸಂಗ್ರಹಾಲಯದ ನೋಂದಣಿ ಸಂಖ್ಯೆ ಇಷ್ಟೂ ಬೇಕು. ಎತ್ತರವನ್ನು ಮೊದಲು ಬರೆಯುವುದು ರೂಢಿ. ತಿರುಗಿಸಿ ಬರೆದರೆ ಉದ್ದದ ಚಿತ್ರ ಅಡ್ಡದ್ದಾಗುತ್ತದೆ.

ನಮ್ಮ ವಚನಗಳಿಗೆ ಶೀರ್ಷಿಕೆಯೇ ಇಲ್ಲ. ಮೊದಲ ಸಾಲೇ ಹೆಸರು, ಕೊನೆಯ ಅಂಕಿತವೇ ಕರ್ತೃವಿನ ಗುರುತು. ಗುರುತನ್ನು ಹೊರಗಿನ ಪಟ್ಟಿಗೆ ಬಿಡದೆ ಕೃತಿಯ ಒಳಗೇ ಹೆಣೆದ ಈ ವ್ಯವಸ್ಥೆ ಬಹಳ ಸೊಗಸಾದದ್ದು. ಆದರೆ ಪೂರ್ತಿ ಕೇಳಿಸಿಕೊಳ್ಳಬೇಕು. ‘ಕೂಡಲಸಂಗಮದೇವ’ ಬಸವಣ್ಣನವರದು. ‘ಕೂಡಲಚೆನ್ನಸಂಗಮದೇವ’ ಚೆನ್ನಬಸವಣ್ಣನವರದು. ನಡುವಿನ ‘ಚೆನ್ನ’ ಜಾರಿದರೆ ಕರ್ತೃವೇ ಬದಲಾದಂತೆ. ಕರ್ನಾಟಕ ಸಂಗೀತದ ಕೃತಿಗಳಿಗೆ ರಾಗ, ತಾಳ, ರಚನಕಾರ ಮೂರನ್ನೂ ಹೇಳುವ ಪದ್ಧತಿ ಸರಿಯಾಗಿಯೇ ಇದೆ. ದಾಸರ ಪದಗಳಿಗೆ ಮಾತ್ರ ರಾಗ ಗುರುತಾಗದು. ಹಲವು ಪದಗಳ ಮೂಲ ಧಾಟಿ ಉಳಿದಿಲ್ಲವಾದ್ದರಿಂದ ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ.

ಕಾನೂನಿನ ಕಡೆಗೆ ಬೇಗ ಕಣ್ಣು ಹಾಯಿಸೋಣ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಅಮೆರಿಕದ ನಿಯಮವೂ ಹಾಗೇ. ಫ್ರಾನ್ಸಿನಲ್ಲಿ ಸ್ವಂತಿಕೆಯುಳ್ಳ ಶೀರ್ಷಿಕೆಗೆ ರಕ್ಷಣೆ ಇದೆ. ಜರ್ಮನಿಯಲ್ಲಿ ಟ್ರೇಡ್‌ಮಾರ್ಕ್ ಕಾನೂನೇ ಕೃತಿಗಳ ಹೆಸರನ್ನು ಕಾಯುತ್ತದೆ. ಸರಣಿಯ ಹೆಸರು ಟ್ರೇಡ್‌ಮಾರ್ಕ್ ಆಗಿರಬಹುದು ಎಂಬುದನ್ನು ಹೊಸಬರು ಮರೆಯುತ್ತಾರೆ. ಚಿತ್ರೋದ್ಯಮದ ಸಂಘಗಳು ಮಾಡುವ ಶೀರ್ಷಿಕೆ ನೋಂದಣಿ ಸದಸ್ಯರ ನಡುವಿನ ಒಪ್ಪಂದ. ಅದು ಕಾದಂಬರಿಕಾರರನ್ನಾಗಲಿ ಗಾಯಕರನ್ನಾಗಲಿ ಕಟ್ಟಿಹಾಕುವುದಿಲ್ಲ. ಹಕ್ಕಿನ ತಕರಾರು ಇಲ್ಲದಿದ್ದರೂ ಗೊಂದಲ ತಪ್ಪಿಸಲು ಹೆಸರು ಬದಲಿಸುವುದುಂಟು. 2012ರ ‘ದಿ ಅವೆಂಜರ್ಸ್’ ಚಿತ್ರ ಬ್ರಿಟನ್ನಿನಲ್ಲಿ ‘ಅವೆಂಜರ್ಸ್ ಅಸೆಂಬಲ್’ ಎಂದು ತೆರೆಕಂಡಿತು. ‘ದಿ ಅವೆಂಜರ್ಸ್’ ಹೆಸರಿನ 1960ರ ದಶಕದ ಟೆಲಿವಿಷನ್ ಸರಣಿ ಅಲ್ಲಿನ ಜನಕ್ಕೆ ಚೆನ್ನಾಗಿ ನೆನಪಿತ್ತು.

ನೀವೇ ಕೃತಿಯೊಂದಕ್ಕೆ ಹೆಸರಿಡುವುದಾದರೆ ಮೊದಲು ಕನ್ನಡ ಲಿಪಿಯಲ್ಲಿ ಹುಡುಕಿ. ಸಮಾಸ ಪದವಾದರೆ ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ ನೋಡಿ. ಆಮೇಲೆ ರೋಮನ್ ಲಿಪಿಯಲ್ಲಿ, ದೀರ್ಘಕ್ಕೆ ಒಂದು ಸ್ವರ ಮತ್ತು ಎರಡು ಸ್ವರ ಹಾಕಿ ಎರಡೂ ರೀತಿ ನೋಡಿ. ಪುಸ್ತಕ, ಚಿತ್ರ, ಹಾಡು, ನಾಟಕ ನಾಲ್ಕರಲ್ಲೂ ಹುಡುಕಬೇಕು. ಅದೇ ಹೆಸರು ಸಿಕ್ಕರೆ ಗಾಬರಿ ಬೇಡ. ಅದೇ ಮಾಧ್ಯಮದಲ್ಲಿ ಇತ್ತೀಚೆಗೆ ಬಂದು ಹೆಸರಾದ ಕೃತಿಯಿದ್ದರೆ ಮಾತ್ರ ಬೇರೆ ಹೆಸರು ಹುಡುಕುವುದು ಒಳ್ಳೆಯದು. ಇಲ್ಲವಾದರೆ ನಿಮ್ಮ ಕೃತಿಯನ್ನು ಹುಡುಕಿ ಬಂದವರು ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಉಪಶೀರ್ಷಿಕೆ ಮುಖಪುಟದಲ್ಲಿ ಸಹಾಯ ಮಾಡುತ್ತದೆ, ಮಾತಿನಲ್ಲಿ ಅಷ್ಟಿಲ್ಲ. ಜನ ಅದನ್ನು ಬಿಟ್ಟೇ ಹೇಳುತ್ತಾರೆ.

ಮೈಕಿನ ಮುಂದೆ ಕೂರುವವರಿಗೆ ಒಂದು ವಿಧಾನ ಇದೆ. ಮಾಧ್ಯಮವನ್ನು ಹೆಸರಿಗಿಂತ ಮೊದಲೇ ಹೇಳಬೇಕು. ಹೆಸರಿನ ಹಿಂದೆ ಮುಂದೆ ಅರೆಕ್ಷಣ ನಿಲ್ಲಬೇಕು. ಕೇಳುಗರಿಗೆ ಆ ನಿಲುಗಡೆಯೇ ಉದ್ಧರಣ ಚಿಹ್ನೆ. ವಿಭಕ್ತಿಯನ್ನು ಹೆಸರಿಗೆ ನೇರವಾಗಿ ಅಂಟಿಸಿದರೆ ಮೂಲ ಹೆಸರು ಎಲ್ಲಿಗೆ ಮುಗಿಯಿತೆಂದು ತಿಳಿಯುವುದಿಲ್ಲ. ‘ಕಾಡಿನಲ್ಲಿ’ ಎಂದರೆ ಮರಗಳೇ ಕಾಣುತ್ತವೆ, ‘ಕಾಡು ಚಿತ್ರದಲ್ಲಿ’ ಎಂದರೆ ಪರದೆ ಕಾಣುತ್ತದೆ. ಆದ್ದರಿಂದ ಈ ಮಾತಿನ ಮೊದಲಲ್ಲಿ ನಾನು ಬರೀ ‘ನಾಗರಹಾವು’ ಎಂದ ಜಾಗದಲ್ಲಿ ಪ್ರಕಟಣೆ ಹೀಗಿರಬೇಕು: ಚಲನಚಿತ್ರ, ನಾಗರಹಾವು, 1972, ನಿರ್ದೇಶನ ಪುಟ್ಟಣ್ಣ ಕಣಗಾಲ್, ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದ್ದು.

ನಮಸ್ಕಾರ.