ಪೊಟಮೋಸ್ ಹರಿದ ದಾರಿ

ಕೇಳುಗರಿಗೆ ನಮಸ್ಕಾರ.

ಹಳೆಯ ಗ್ರೀಕರು ನದಿಗೆ ಪೊಟಮೋಸ್ ಅನ್ನುತ್ತಿದ್ದರು. ಈ ಪದ ನಮಗೇನೂ ಹೊಸದಲ್ಲ. ಶಾಲೆಯಲ್ಲಿ ಮೆಸೊಪೊಟೇಮಿಯಾ ಅಂತ ಬಾಯಿಪಾಠ ಮಾಡಿದ್ದೆವು, ಅಲ್ವಾ? ಮೆಸೋಸ್ ಅಂದರೆ ನಡುವಿನದು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಸೀಮೆ ಅದು, ಇಂದಿನ ಇರಾಕಿನ ಸುತ್ತಮುತ್ತ. ಕೃಷ್ಣೆ, ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗೆ ದೋಆಬ್ ಅನ್ನುತ್ತೇವಲ್ಲ, ಅದೇ ಬಗೆಯ ಹೆಸರು. ದೂರದ ಅರ್ಜೆಂಟೀನಾದಲ್ಲೂ ಪರಾನಾ ಮತ್ತು ಉರುಗ್ವೇ ನದಿಗಳ ನಡುವಿನ ನಾಡನ್ನು ಮೆಸೊಪೊಟೇಮಿಯಾ ಎಂದೇ ಕರೆಯುತ್ತಾರೆ.

ಇನ್ನು ಹಿಪ್ಪೊಪೊಟಮಸ್. ಹಿಪ್ಪೋಸ್ ಅಂದರೆ ಕುದುರೆ. ನಾವೂ ನೀರುಕುದುರೆ ಅನ್ನುತ್ತೇವೆ, ನೀರಾನೆ ಅನ್ನುವವರೂ ಇದ್ದಾರೆ. ಟನ್‌ಗಟ್ಟಲೆ ತೂಗುವ, ಮೋಟು ಕಾಲಿನ ಈ ಪ್ರಾಣಿಯಲ್ಲಿ ಗ್ರೀಕರಿಗೆ ಕುದುರೆ ಎಲ್ಲಿ ಕಂಡಿತು? ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ವಿಷಯ ಬರೆಯುವಾಗ, ಇದಕ್ಕೆ ಕುದುರೆಯ ಜೂಲು, ಬಾಲ, ಕೂಗು ಎಲ್ಲ ಉಂಟು ಎಂದ. ಜೂಲು ಇಲ್ಲವೇ ಇಲ್ಲ! ಆದರೆ ಅದು ನೀರಲ್ಲಿ ಮುಳುಗಿ ಕೂತಾಗ ನೋಡಬೇಕು. ಮೂಗಿನ ಹೊಳ್ಳೆ, ಕಣ್ಣು, ಪಟಪಟ ಆಡುವ ಪುಟ್ಟ ಕಿವಿ, ಇಷ್ಟೇ ಮೇಲೆ ಕಾಣುತ್ತದೆ. ದಡದಲ್ಲಿ ನಿಂತವರಿಗೆ ಕುದುರೆ ನೆನಪಾಗಿದ್ದರೆ ಆಶ್ಚರ್ಯವೇನಿಲ್ಲ ಅಂತ ನನಗನಿಸುತ್ತದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದೇ ಹೆಸರನ್ನು ವಿಜ್ಞಾನಕ್ಕೂ ತಂದ. ಈಗ ಬದುಕಿರುವ ಪ್ರಾಣಿಗಳಲ್ಲಿ, ತನ್ನದೇ ಕುಟುಂಬ ಬಿಟ್ಟರೆ, ಇದಕ್ಕೆ ತೀರಾ ಹತ್ತಿರದ ನೆಂಟರು ತಿಮಿಂಗಿಲಗಳು, ಡಾಲ್ಫಿನ್‌ಗಳು. ಹೆಸರು ಮಾತ್ರ ಕುದುರೆಯದೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಒಂದು ನೀರುಗಿಡದ ಹೆಸರು, ಪೊಟಮೊಗೆಟಾನ್. ಅಂದರೆ ನದಿಯ ನೆರೆಮನೆಯವ. ಕ್ರಿ.ಶ. 1ನೇ ಶತಮಾನದ ವೈದ್ಯ ಡಯೋಸ್ಕೊರಿಡಿಸ್ ಈ ಹೆಸರನ್ನು ಬರೆದಿಟ್ಟಿದ್ದಾನೆ. ಇದರ ಒಂದು ಜಾತಿಯಲ್ಲಿ ಎರಡು ಥರದ ಎಲೆ. ತೇಲುವವು ಅಗಲ, ದಪ್ಪ, ನುಣುಪು. ನೀರೊಳಗಿನವು ದಾರದಷ್ಟು ಸಣ್ಣ.

ಯುದ್ಧದ ಚರಿತ್ರೆಯಲ್ಲೂ ಈ ಪದ ಇದೆ. ಈಗಿನ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಗೆ ಸೇರುವ ಒಂದು ಸಣ್ಣ ಹೊಳೆಗೆ ಗ್ರೀಕರು ಐಗೋಸ್ ಪೊಟಮಿ, ಅಂದರೆ ಆಡಿನ ಹೊಳೆಗಳು, ಎಂದು ಹೆಸರಿಟ್ಟಿದ್ದರು. ಕ್ರಿ.ಪೂ. 405ರಲ್ಲಿ ಅಥೆನ್ಸಿನ ನಾವಿಕರು ಅಲ್ಲಿ ಹಡಗು ಬಿಟ್ಟು ದಡದಲ್ಲಿ ಚದುರಿದ್ದಾಗ, ಶತ್ರು ಸ್ಪಾರ್ಟಾದ ನೌಕಾಪಡೆಯ ನಾಯಕ ಲೈಸಾಂಡರ್ ಮೇಲೆರಗಿದ. ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಅವನ ಕೈಸೇರಿದವು. ಮರುವರ್ಷ ಅಥೆನ್ಸ್ ಶರಣಾಯಿತು.

ನಮಸ್ಕಾರ.