18 ತಾಸಿನ ಪಿಯಾನೋ, ಆಮೇಲೊಂದು ಹಾಡು

ಕೇಳುಗರಿಗೆ ನಮಸ್ಕಾರ. ಹೊಳಲ್ಕೆರೆ, ಚನ್ನಗಿರಿ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಹಚ್ಚಿಕೊಂಡು ಕೂತಿದ್ದೀರಲ್ಲ, ಈ ಮಾತು ನಿಮಗೇ. ರಾಕ್ ಸಂಗೀತ ನಮಗ್ಯಾಕೆ ಅಂತ ಸ್ಟೇಷನ್ ತಿರುಗಿಸಬೇಡಿ. ಸ್ವಲ್ಪ ತಾಳಿ.

ಜಾನ್ ಕೇಲ್ ಅಂತ ಒಬ್ಬ ಸಂಗೀತಗಾರರು. 1942ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದವರು. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದರು. ಮಗ ಹಿಡಿದದ್ದು ವಿಯೋಲಾ. ಪಿಟೀಲಿಗೆ ಅಣ್ಣ ಅಂತಿಟ್ಟುಕೊಳ್ಳಿ. 1963ರಲ್ಲಿ ಅಮೆರಿಕಕ್ಕೆ ಹೋದರು.

ಆ ಸೆಪ್ಟೆಂಬರಿನ ಕಥೆ ಹೇಳಲೇಬೇಕು. ಎರಿಕ್ ಸಾಟಿ ಅನ್ನುವ ಫ್ರೆಂಚ್ ಸಂಗೀತಗಾರ ಹಿಂದೆ ಒಂದೇ ಪುಟದ ಪಿಯಾನೋ ತುಣುಕು ಬರೆದಿಟ್ಟು, 840 ಸಲ ನುಡಿಸುವ ಮಾತು ಸೇರಿಸಿದ್ದ. ತಮಾಷೆಗೋ ಏನೋ! ನ್ಯೂಯಾರ್ಕಿನ ಪ್ರಯೋಗಶೀಲ ಸಂಗೀತಗಾರ ಜಾನ್ ಕೇಜ್, ನುಡಿಸಿಯೇ ಬಿಡೋಣ ಅಂದರು. ಪಿಯಾನೋದವರು ಸರದಿ ಮೇಲೆ ಕೂತರು. ನಮ್ಮ ಆಂಜನೇಯನ ಗುಡಿಯಲ್ಲಿ ಸಪ್ತಾಹದ ಭಜನೆಗೆ ಮೇಳದವರು ಬದಲಾಗುತ್ತಾರಲ್ಲ, ಥೇಟ್ ಹಾಗೆ. ಸಂಜೆ 6ಕ್ಕೆ ಶುರುವಾದದ್ದು ಮುಗಿದಾಗ ಮರುದಿನ ಮಧ್ಯಾಹ್ನ 12.40. ಟಿಕೆಟ್ 5 ಡಾಲರ್. ಕೂತ ಪ್ರತಿ 20 ನಿಮಿಷಕ್ಕೆ 5 ಸೆಂಟ್ ವಾಪಸ್! ಜಾಸ್ತಿ ಕೂತಷ್ಟೂ ಅಗ್ಗ. ಅಷ್ಟಾದರೂ ಪೂರ್ತಿ ಕೂತವನು ಒಬ್ಬನೇ. ಆ ಪುಣ್ಯಾತ್ಮನನ್ನೂ, ನುಡಿಸಿದವರಲ್ಲಿ ಒಬ್ಬರಾದ ಕೇಲ್ ಅವರನ್ನೂ ಟಿವಿಯವರು ಕರೆಸಿ, ಇವರ ಗುಟ್ಟೇನು ಹೇಳಿ ನೋಡೋಣ ಅನ್ನುವ ಆಟಕ್ಕೆ ಕೂರಿಸಿದರು. ಕೇಲ್‌ಗೆ ಆಗಿನ್ನೂ 21.

ಅಯ್ಯೋ, ಅರ್ಧ ಸಮಯ ಇಲ್ಲೇ ಹೋಯಿತು.

ಆಮೇಲೆ ಕೇಲ್, ಲಾ ಮಾಂಟ್ ಯಂಗ್ ಅನ್ನುವ ಅಮೆರಿಕದ ಸಂಗೀತಗಾರರ ತಂಡ ಸೇರಿದರು. ಅಲ್ಲಿ ಒಂದೇ ಸ್ವರವನ್ನು ತಾಸುಗಟ್ಟಲೆ ಹಿಡಿಯುವುದೇ ಕೆಲಸ. ಶ್ರುತಿ ಎಲ್ಲಿಂದ? ಕರೆಂಟಿನಿಂದ! ಹೊಲದ ಟಿಸಿ, ಅದೇ ಟ್ರಾನ್ಸ್‌ಫಾರ್ಮರ್, ಪಕ್ಕ ನಿಂತರೆ ಗುಂಯ್ ಅನ್ನುತ್ತಲ್ಲ, ಅದೇ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನೆ, ಅವರದು 60. ಆ ಗುಂಯ್‌ಗೆ ವಾದ್ಯ ಕೂಡಿಸಿಕೊಂಡರು. ತಂಬೂರಿ ಕೇಳಿ ಬೆಳೆದ ನಮಗೆ ಇದೇನು ಹುಚ್ಚು ಅನ್ನಿಸಬೇಕಿಲ್ಲ.

ಇಂಥವರು 1970ರಲ್ಲಿ 'ವಿಂಟೇಜ್ ವಯಲೆನ್ಸ್' ಅಂತ ಆಲ್ಬಂ ತಂದರು. ಮಧ್ಯೆ ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ರಾಕ್ ತಂಡ ಕಟ್ಟಿ, 1968ರಲ್ಲಿ ಬಿಟ್ಟದ್ದೂ ಆಗಿತ್ತು. ಹೊಸ ಆಲ್ಬಂನಲ್ಲಿ ಏನಿತ್ತು? ಹಾಡು. ಗಿಟಾರ್, ಡ್ರಮ್ಸ್, ಪಲ್ಲವಿ, ಚರಣ. ಗುನುಗಿಕೊಳ್ಳಬಹುದಾದ ಹಾಡು.

ಇದಕ್ಕೆ ಕೆಲವರು, ಛೇ, ಕೆಳಗಿಳಿದುಬಿಟ್ಟ ಅನ್ನುತ್ತಾರೆ. ನನಗೆ ರೇಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ರಾಗವನ್ನು ಅಷ್ಟು ಹೊತ್ತು ಹಾಡಿ ಕೊನೆಗೆ ಒಂದು ವಚನ ಎತ್ತಿಕೊಂಡರೆ ಇಳಿದರು ಅಂದೆವಾ? ಸಭೆ ಎದ್ದು ಕೂರುತ್ತಿತ್ತು, ಅಲ್ವಾ? ಸುಲಭದ ಹಾಡಿಗೆ ಬಂದರೆ ಇಳಿದಂತಲ್ಲ. ಉದ್ದದ ಸಂಗೀತದಲ್ಲಿ ಒಂದು ಸ್ವರ ಅಲ್ಲಾಡಿದರೆ ಸರಿಪಡಿಸಿಕೊಳ್ಳಲು ರಾತ್ರಿಯೆಲ್ಲಾ ಇದೆ. ಮೂರು ನಿಮಿಷದ ಹಾಡಿನಲ್ಲಿ ಎಲ್ಲಿದೆ ಜಾಗ? ಮತ್ತೆ ಹೇಳುತ್ತೇನೆ, ಇಳಿದಂತಲ್ಲ. ಮರುವರ್ಷವೇ ಟೆರಿ ರೈಲಿ ಅನ್ನುವ ಇನ್ನೊಬ್ಬ ಪ್ರಯೋಗಶೀಲ ಸಂಗೀತಗಾರರ ಜೊತೆ ಅವರು ಪ್ರಯೋಗದ ಆಲ್ಬಂ ತರಲಿಲ್ಲವಾ?

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಕೇಲ್ ಅವರ 1973ರ ಆಲ್ಬಂ 'ಪ್ಯಾರಿಸ್ 1919' ಬಗ್ಗೆ ಬರೆದುಕೊಂಡು ಬಂದ ಎರಡು ಹಾಳೆ ಚೀಲದಲ್ಲೇ ಉಳಿಯಿತು. ಹೋಗಲಿ. ಈಗ ಆ 'ವಿಂಟೇಜ್ ವಯಲೆನ್ಸ್' ಆಲ್ಬಂನ 'ಬಿಗ್ ವೈಟ್ ಕ್ಲೌಡ್' ಹಾಡು ಹಾಕುತ್ತಾರೆ. ಅಡಿಕೆ ಸುಲಿಯುವ ಕೈ ನಿಲ್ಲಿಸಬೇಡಿ. ಕಿವಿಯೊಂದು ಇತ್ತ ಇರಲಿ.