ಕೊಲಂಬಸ್‌ಗೆ ರಜೆಯ ಗೌರವ ಬೇಕೆ?

ಕೇಳುಗರೆ, ನಮಸ್ಕಾರ.

ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಅಲ್ಲಿ ಅಂಚೆ ಕಚೇರಿ ಮುಚ್ಚಿರುತ್ತದೆ. ಏಕೆಂದು ಕೇಳಿದರೆ, ‘ಇವತ್ತು ಕೊಲಂಬಸ್ ಡೇ’ ಎನ್ನುತ್ತಾರೆ. ಈ ಮನುಷ್ಯನ ಹೆಸರಿನಲ್ಲಿ ರಜೆ ಬೇಕೆ? ಬೇಡ ಎನ್ನುವವನು ನಾನು. ಪಾಠದಲ್ಲಿ ಅವನು ಇರಲೇಬೇಕು. ಆದರೆ ರಜೆ ಪಾಠವಲ್ಲ. ರಜೆ ಕೊಡುವುದೆಂದರೆ ಕೊರಳಿಗೆ ಹಾರ ಹಾಕಿದ ಹಾಗೆ.

ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳುತ್ತಿದ್ದ ಪ್ರಸಂಗವೊಂದಿದೆ, ಕೇಳಿ. 1492ರ ಆಗಸ್ಟ್ 3ರಂದು ಸ್ಪೇನಿನ ಪಾಲೋಸ್ ಬಂದರಿನಿಂದ ಕೊಲಂಬಸ್‌ನ ಮೂರು ಹಡಗುಗಳು ಹೊರಟವು. ಮೊದಲು ನೆಲ ಕಂಡವನಿಗೆ ವರ್ಷಕ್ಕೆ 10,000 ಮರವೇಡಿ ನಾಣ್ಯ, ಬದುಕಿರುವವರೆಗೂ ಕೊಡುತ್ತೇವೆಂದು ರಾಜ-ರಾಣಿಯರು ಮಾತು ಕೊಟ್ಟಿದ್ದರು. ಕೆನರಿ ದ್ವೀಪಗಳನ್ನು ಬಿಟ್ಟ ಮೇಲೆ ಐದು ವಾರ ಎತ್ತ ನೋಡಿದರೂ ನೀರು. ಹಿಂದಿರುಗೋಣ ಎಂದು ನಾವಿಕರು ಗೊಣಗುತ್ತಿದ್ದರು. ಅಕ್ಟೋಬರ್ 12, ನಡುರಾತ್ರಿ ಕಳೆದು ಎರಡು ಗಂಟೆ. ಪಿಂಟಾ ಹಡಗಿನಲ್ಲಿ ಕಾವಲಿದ್ದ ರೋಡ್ರಿಗೊ ದೆ ತ್ರಿಯಾನಾ ಎಂಬ ಸಾಮಾನ್ಯ ನಾವಿಕನಿಗೆ ನೆಲ ಕಂಡಿತು. ಕೂಗಿ ಹೇಳಿದ. ಬಡವನ ಬಾಳು ಹಸನಾಯಿತು ಅಂದುಕೊಂಡಿರಾ? ಇಲ್ಲ. ‘ಹಿಂದಿನ ರಾತ್ರಿ ಹತ್ತು ಗಂಟೆಗೇ ದೂರದಲ್ಲಿ ಮೇಣದ ಬತ್ತಿಯಂಥ ಬೆಳಕನ್ನು ಕಂಡಿದ್ದೆ’ ಎಂದು ಕೊಲಂಬಸ್ ಹೇಳಿಕೊಂಡ. ಆ ಹಣ ಅವನಿಗೇ ಸಂದಿತು. ಇದನ್ನು ಹೇಳುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಜೊತೆಯಲ್ಲಿ ಬಂದ ನಾವಿಕನಿಗೇ ಹೀಗೆ ಮಾಡಿದವನು ಅಲ್ಲಿಯ ದ್ವೀಪಗಳ ಮೂಲನಿವಾಸಿಗಳಾದ ತೈನೊ ಜನರನ್ನು ಬಿಟ್ಟಾನೆಯೆ? 1495ರಲ್ಲಿ ಸುಮಾರು 1,500 ಜನರನ್ನು ಹಿಡಿಸಿದ. ಅವರಲ್ಲಿ ಸುಮಾರು 500 ಜನರನ್ನು ಗುಲಾಮರನ್ನಾಗಿ ಸ್ಪೇನಿಗೆ ಸಾಗಿಸಿದ. ಸುಮಾರು 200 ಜನ ದಾರಿಯಲ್ಲೇ ಸತ್ತರು. ಚಿನ್ನದ ಸೀಮೆಯಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನ ತಂದೊಪ್ಪಿಸಬೇಕೆಂದು ವಿಧಿಸಿದ. ಅವನ ಆಡಳಿತದ ಮೇಲೆ ದೂರು ಹೆಚ್ಚಿ, 1500ರಲ್ಲಿ ಸ್ಪೇನಿನ ಅಧಿಕಾರಿಯೇ ಅವನಿಗೆ ಬೇಡಿ ತೊಡಿಸಿ ಕಳಿಸಿದ. ‘ಈಗಿನ ಅಳತೆಗೋಲಿನಿಂದ ಅಳೆಯಬೇಡಿ’ ಎನ್ನುವವರು ದಯವಿಟ್ಟು ಇದನ್ನು ಗಮನಿಸಿ. ಬೇಡಿ ಹಾಕಿದವರು ಅವನ ಕಾಲದವರೇ.

ಸಮಯ ಓಡುತ್ತಿದೆ. ಕೊಲಂಬಸ್ ಇಟಲಿಯಲ್ಲಿ ಹುಟ್ಟಿದವನು. ಅಮೆರಿಕದ ಇಟಾಲಿಯನ್ನರಿಗೆ ಈ ದಿನ ಏಕೆ ಪ್ರಿಯ ಎಂಬುದು ನನಗೆ ಅರ್ಥವಾಗುತ್ತದೆ. 1891ರಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ದೊಂಬಿಯೊಂದು ಅವರ 11 ಜನರನ್ನು ಕೊಂದಿತು. ಅವಮಾನ ನುಂಗಿದವರಿಗೆ ಹೆಮ್ಮೆಪಡಲು ಒಂದು ಹೆಸರು ಬೇಕಿತ್ತು. ಇಟಲಿಯವನೇ ಆದ ವಿಜ್ಞಾನಿ ಗೆಲಿಲಿಯೋ ಇದ್ದನಲ್ಲ!

ಕೊಲಂಬಸ್ ಇಲ್ಲದಿದ್ದರೆ ನಮಗೆ ಮೆಣಸಿನಕಾಯಿ ಎಲ್ಲಿತ್ತು ಎಂದೂ ಕೇಳುತ್ತಾರೆ. ತಾಯಂದಿರೇ, ಆ ಗಿಡವನ್ನು ಸಾವಿರಾರು ವರ್ಷ ಸಾಕಿ ಬೆಳೆಸಿದವರು ಅಮೆರಿಕ ಖಂಡದ ಮೂಲನಿವಾಸಿಗಳು. ನಮ್ಮ ಬ್ಯಾಡಗಿಯ ಕೆಂಪು ಅವರ ಋಣ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 1992ರಲ್ಲೇ ಕೊಲಂಬಸ್ ಡೇ ಬದಲು ಅದೇ ದಿನವನ್ನು ಮೂಲನಿವಾಸಿಗಳ ದಿನವೆಂದು ಆಚರಿಸಿತು. ಆಮೇಲೆ ಎಷ್ಟೋ ಊರುಗಳು ಅದೇ ದಾರಿ ಹಿಡಿದವು.

ಈ ಸಲ ಆ ಸೋಮವಾರ ಮೊಮ್ಮಕ್ಕಳು ಫೋನ್ ಮಾಡಿದರೆ ಒಂದು ಮಾತು ಕೇಳಿ: ‘ಮೊದಲು ನೆಲ ಕಂಡವನು ಯಾರು ಅಂತ ನಿಮ್ಮ ಪುಸ್ತಕದಲ್ಲಿ ಬರೆದಿದ್ದಾರೆ, ಪುಟ್ಟಾ?’

ನಮಸ್ಕಾರ.